ಮಿತವ್ಯಯದ ವಿದೇಶಯಾನ: ನೇಪಾಳಕ್ಕೆ ಸ್ವತಂತ್ರವಾಗಿ ಹೋಗಿಬರುವ ಬಗೆ

ವಿದೇಶ ಪ್ರವಾಸವೆಂದರೆ ವಿಮಾನ, ವೀಸಾ, ಲಕ್ಷಗಟ್ಟಲೆ ಖರ್ಚು ಎಂಬ ಭಾವನೆ ನಮ್ಮ ಗಡಿನಾಡಿನ ಮನೆಗಳಲ್ಲಿ ಇನ್ನೂ ಬಲವಾಗಿದೆ. ಮಗಳೊಬ್ಬಳು ತಾನೇ ಹೋಗಿಬರುತ್ತೇನೆಂದರೆ, ಕನ್ನಡ ಶಾಲೆಯಲ್ಲಿ ಓದಿದವಳು ಹೊರದೇಶದಲ್ಲಿ ಹೇಗೆ ನಿಭಾಯಿಸುವಳೆಂಬ ಅಳುಕು ಮೊದಲು ತಲೆದೋರುತ್ತದೆ. ಆದರೆ ಎರಡು ಮೂರು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಅನ್ಯಭಾಷೆಯ ಊರು ಹೊಸದಲ್ಲ. ಅವರ ದಾರಿಗೆ ಅಡ್ಡ ಬರುವುದು ಭಾಷೆಗಿಂತ ಹೆಚ್ಚಾಗಿ ದಾಖಲೆಗಳಲ್ಲಿ ಹೊಂದಿಕೆಯಾಗದ ಹೆಸರು. ಕಡಿಮೆ ಖರ್ಚಿನಲ್ಲಿ ಸಾಧ್ಯವಾಗುವ ನೇಪಾಳ ಪ್ರವಾಸವನ್ನು ಉದಾಹರಣೆಯಾಗಿಟ್ಟುಕೊಂಡು, ಇದಕ್ಕೆ ಬೇಕಾದ ಸಿದ್ಧತೆಯನ್ನು ಇಲ್ಲಿ ವಿವರಿಸುತ್ತೇವೆ.

ನೇಪಾಳವೇ ಏಕೆ

ಭಾರತ ಮತ್ತು ನೇಪಾಳಗಳ ನಡುವೆ 1,700 ಕಿಲೋಮೀಟರಿಗೂ ಹೆಚ್ಚು ಉದ್ದದ ತೆರೆದ ಗಡಿಯಿದೆ. ಭಾರತೀಯ ಪ್ರಜೆಗಳಿಗೆ ಅಲ್ಲಿ ವೀಸಾ ಬೇಕಿಲ್ಲ. ರೈಲು ಮತ್ತು ಬಸ್ಸಿನಲ್ಲಿಯೇ ತಲುಪಬಹುದು. ನೇಪಾಳಿ ಭಾಷೆಯ ಲಿಪಿ ದೇವನಾಗರಿಯಾದುದರಿಂದ, ಮರಾಠಿ ಅಥವಾ ಹಿಂದಿ ಕಲಿತವರು ಊರಿನ ಹೆಸರು, ಬಸ್ಸಿನ ಫಲಕಗಳನ್ನು ತಾವೇ ಓದಿಕೊಳ್ಳಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳಿಗೆ ಇದು ಇನ್ನೂ ಸುಲಭ. ಪ್ರವಾಸಿಗರು ಓಡಾಡುವ ಊರುಗಳಲ್ಲಿ ಹಿಂದಿ ಬಲ್ಲವರು ಸಾಕಷ್ಟು ಸಿಗುತ್ತಾರೆ.

ಹಳೆಯ ನಂಟೂ ಇದೆ. ಬಾರಾ ಜಿಲ್ಲೆಯ ಸಿಮ್ರೌನ್‌ಗಢವು 1097ರಲ್ಲಿ ನಾನ್ಯದೇವನು ಸ್ಥಾಪಿಸಿದ ಕರ್ಣಾಟ ವಂಶದ ರಾಜಧಾನಿಯಾಗಿತ್ತು. ಕಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಪೂಜೆ ನಡೆಸುವ ಭಟ್ಟರನ್ನು ದಕ್ಷಿಣ ಭಾರತದಿಂದ, ಅದರಲ್ಲೂ ಕರ್ನಾಟಕದಿಂದ, ಕರೆಸುವ ಸಂಪ್ರದಾಯ ಬಹುಕಾಲದಿಂದ ನಡೆದುಬಂದಿದೆ.

ಬೇಕಾದ ದಾಖಲೆಗಳು

ಹದಿನೆಂಟು ತುಂಬಿದವರು ಪಾಸ್‌ಪೋರ್ಟ್ ಅಥವಾ ಭಾರತದ ಚುನಾವಣಾ ಆಯೋಗ ನೀಡಿದ ಮತದಾರರ ಗುರುತಿನ ಚೀಟಿಯನ್ನು ಒಯ್ಯಬೇಕು. ಇವೆರಡರಲ್ಲಿ ಒಂದಿದ್ದರೆ ಸಾಕು. ಆಧಾರ್ ಒಂದನ್ನೇ ನಂಬಿ ಹೊರಡುವುದು ತಪ್ಪು. ಅದು 15 ವರ್ಷಕ್ಕಿಂತ ಕೆಳಗಿನವರಿಗೂ 65 ದಾಟಿದವರಿಗೂ ಮಾತ್ರ ಆಗುತ್ತದೆ. 15ರಿಂದ 18 ವರ್ಷದೊಳಗಿನ ವಿದ್ಯಾರ್ಥಿಗಳು ತಮ್ಮ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ನೀಡುವ ಗುರುತಿನ ಪ್ರಮಾಣಪತ್ರದ ಆಧಾರದ ಮೇಲೆ ಪ್ರಯಾಣಿಸಬಹುದು. ಕುಟುಂಬವಾಗಿ ಹೋಗುವಾಗ ಹಿರಿಯರೊಬ್ಬರ ಬಳಿ ಮಾನ್ಯ ದಾಖಲೆಯಿದ್ದರೆ, ಉಳಿದವರು ಭಾವಚಿತ್ರವಿರುವ ಗುರುತಿನ ಚೀಟಿಯನ್ನೂ ಸಂಬಂಧವನ್ನು ತೋರಿಸುವ ಪಡಿತರ ಚೀಟಿಯಂತಹ ದಾಖಲೆಯನ್ನೂ ಒಯ್ಯಬೇಕು.

ಹೆಸರಿನ ತೊಡಕು

ನಮ್ಮ ಮಕ್ಕಳ ಹೆಸರು ಕನ್ನಡದಿಂದ ನೇರವಾಗಿ ಇಂಗ್ಲಿಷಿಗೆ ಹೋಗುವುದು ಕಡಿಮೆ. ಹಲವು ವೇಳೆ ರಾಜ್ಯಭಾಷೆಯ ಮೂಲಕ ಹಾದುಹೋಗುತ್ತದೆ. ತಮಿಳು ಲಿಪಿಯಲ್ಲಿ ಪ, ಫ, ಬ, ಭ ನಾಲ್ಕಕ್ಕೂ ಒಂದೇ ಅಕ್ಷರ. ಆದುದರಿಂದ ತಾಳವಾಡಿಯ ಭಾಗ್ಯ ಒಂದು ದಾಖಲೆಯಲ್ಲಿ ಭಾಗ್ಯಳಾಗಿಯೂ ಇನ್ನೊಂದರಲ್ಲಿ ಪಾಕ್ಯಳಾಗಿಯೂ ಉಳಿಯಬಹುದು. ಗೀತಾ ಎಂಬ ಹೆಸರಿನ ‘ತ’ಕಾರಕ್ಕೆ ಕೇರಳ, ತಮಿಳುನಾಡುಗಳಲ್ಲಿ ಇಂಗ್ಲಿಷಿನ ‘ಟಿ’ ಮತ್ತು ‘ಎಚ್’ ಎರಡನ್ನೂ ಬರೆಯುವುದು ವಾಡಿಕೆ. ಮಹಾರಾಷ್ಟ್ರದಲ್ಲಿ ‘ಟಿ’ ಮಾತ್ರ. ಮಹಾರಾಷ್ಟ್ರದಲ್ಲಿ ತಂದೆಯ ಹೆಸರು ನಡುವೆ ಬರುತ್ತದೆ. ಆಂಧ್ರದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕಾಸರಗೋಡಿನಲ್ಲಿ ಒಂದೆರಡು ಇನಿಷಿಯಲ್‌ಗಳೇ ಆ ಕೆಲಸ ಮಾಡುತ್ತವೆ.

ಊರಿನೊಳಗೆ ಇದು ಬಾಧಿಸದು. ವಿಮಾನದ ಟಿಕೆಟ್ಟಿನಲ್ಲಿ ಒಂದು, ಗುರುತಿನ ಚೀಟಿಯಲ್ಲಿ ಮತ್ತೊಂದು ಹೆಸರಿದ್ದರೆ ನಿಲ್ದಾಣದಲ್ಲಿಯೇ ಪ್ರಯಾಣ ನಿಲ್ಲಬಹುದು. ಹತ್ತನೆಯ ತರಗತಿಯ ಪ್ರಮಾಣಪತ್ರ ಅಚ್ಚಾದ ಮೇಲೆ ತಿದ್ದುಪಡಿಗೆ ಅಲೆದಾಟ ಹೆಚ್ಚು. ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನವೇ ಪಾಲಕರು ಶಾಲೆಗೆ ಹೋಗಿ, ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲೆಗಳಲ್ಲಿ ಹೆಸರಿನ ಇಂಗ್ಲಿಷ್ ಅಕ್ಷರಗಳೂ ಜನ್ಮದಿನಾಂಕವೂ ಒಂದೇ ಆಗಿವೆಯೇ ಎಂದು ನೋಡಿಕೊಳ್ಳಬೇಕು.

ದಾರಿ

ಯಶವಂತಪುರ, ಸಿಕಂದರಾಬಾದ್ ಮತ್ತು ಪುಣೆಗಳಿಂದ ಉತ್ತರ ಪ್ರದೇಶದ ಗೋರಖಪುರಕ್ಕೆ ನೇರ ರೈಲುಗಳಿವೆ. ಸ್ಲೀಪರ್ ದರ್ಜೆಯ ಟಿಕೆಟ್ ಮುಂಗಡವಾಗಿ ಕಾಯ್ದಿರಿಸಿದರೆ ಇಡೀ ಪ್ರವಾಸದ ಅತಿ ದೀರ್ಘ ಭಾಗ ಅಗ್ಗದಲ್ಲಿ ಮುಗಿಯುತ್ತದೆ. ಗೋರಖಪುರದಿಂದ ಸುಮಾರು 100 ಕಿಲೋಮೀಟರ್ ದೂರದ ಸೋನೌಲಿ ಗಡಿಗೆ ಬಸ್ಸುಗಳು ಸಿಗುತ್ತವೆ. ಗಡಿಯನ್ನು ನಡೆದೇ ದಾಟಿ, ಸಮೀಪದ ಭೈರಹವಾಕ್ಕೆ ಹೋಗಬೇಕು. ಬುದ್ಧನು ಹುಟ್ಟಿದ ಲುಂಬಿನಿ ಅಲ್ಲಿಂದ ಸುಮಾರು 25 ಕಿಲೋಮೀಟರ್. ಕಠ್ಮಂಡು, ಪೋಖರಾಗಳಿಗೆ ಬಸ್ಸಿನಲ್ಲಿ ಬಹುತೇಕ ಒಂದು ಹಗಲು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಅಕ್ಟೋಬರ್, ನವೆಂಬರ್ ಹಾಗೂ ಮಾರ್ಚ್, ಏಪ್ರಿಲ್ ತಿಂಗಳುಗಳು ಒಳ್ಳೆಯವು. ಆದರೆ ದಸರೆಯ ಹೊತ್ತಿನಲ್ಲಿ ಅಲ್ಲಿನ ಬಸ್ಸುಗಳಲ್ಲಿ ಸ್ಥಳ ಸಿಗುವುದು ಕಷ್ಟ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ; ಬಸ್ಸು ಹಿಡಿಯುವವರು ಇದನ್ನು ಮರೆಯಬಾರದು.

ಹಣ, ಊಟ, ವಸತಿ

ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಈ ದರ 1993ರಿಂದ ಬದಲಾಗಿಲ್ಲ. ಹೀಗಾಗಿ ಯಾರಾದರೂ ಬೆಲೆ ಹೇಳಿದಾಗ ಅದು ಯಾವ ದೇಶದ ರೂಪಾಯಿಯೆಂದು ಮೊದಲು ಕೇಳಬೇಕು. ಭಾರತದ ದೊಡ್ಡ ನೋಟುಗಳ ಕುರಿತ ಅಲ್ಲಿನ ನಿಯಮ ಆಗಾಗ ಬದಲಾಗಿದೆ. 100 ರೂಪಾಯಿಯ ನೋಟುಗಳನ್ನು ಒಯ್ಯುವುದು ನಿಶ್ಚಿಂತೆ. 2024ರಿಂದ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಮೂಲಕ ಹಣ ಕೊಡುವ ಸೌಲಭ್ಯ ಬಂದಿದೆಯಾದರೂ ಬೆಟ್ಟದ ಊರುಗಳಲ್ಲಿ ನಗದೇ ಗತಿ. ಅನ್ನ, ಬೇಳೆ, ಪಲ್ಯದ ದಾಲ್‌ಭಾತ್ ಅಲ್ಲಿನ ನಿತ್ಯದ ಊಟ. ಸಾಮಾನ್ಯವಾಗಿ ಹೊಟ್ಟೆ ತುಂಬುವವರೆಗೆ ಮತ್ತೆ ಬಡಿಸುತ್ತಾರೆ. ಸ್ಮಾರಕಗಳ ಪ್ರವೇಶಶುಲ್ಕ ಸಾರ್ಕ್ ದೇಶದವರಿಗೆ ಇತರ ವಿದೇಶಿಯರಿಗಿಂತ ಕಡಿಮೆ. ಅದಕ್ಕಾಗಿ ಗುರುತಿನ ಚೀಟಿ ಕೈಯಲ್ಲಿರಬೇಕು.

ಒಂಟಿಯಾಗಿ ಹೋಗುವ ಮಹಿಳೆಯರಿಗೆ

ವಯಸ್ಕ ಮಹಿಳೆ ನೇಪಾಳಕ್ಕೆ ಪ್ರವಾಸ ಹೋಗಲು ತಂದೆಯ ಅಥವಾ ಗಂಡನ ಅನುಮತಿಪತ್ರ ಬೇಕೆಂಬ ನಿಯಮವಿಲ್ಲ. ಆದರೆ ಮಾನವ ಕಳ್ಳಸಾಗಣೆಯ ಭಯದಿಂದ ಗಡಿಯಲ್ಲಿ ತರುಣಿಯರನ್ನು ವಿಚಾರಿಸುವುದುಂಟು. ಅದನ್ನು ಅವಮಾನವೆಂದು ಭಾವಿಸದೆ, ಹೋಗುವ ಊರು, ತಂಗುವ ಸ್ಥಳ, ಹಿಂದಿರುಗುವ ಟಿಕೆಟ್ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ.

ಗಡಿಯನ್ನು ಹಗಲಿನಲ್ಲಿಯೇ ದಾಟಬೇಕು. ಹೊಸ ಊರಿಗೆ ಕತ್ತಲಾಗುವ ಮೊದಲೇ ತಲುಪಬೇಕು. ಎಲ್ಲೆಡೆ ಅಗ್ಗವನ್ನೇ ಹುಡುಕುವುದು ಮಿತವ್ಯಯವಲ್ಲ. ಮೊದಲ ರಾತ್ರಿಯ ಕೋಣೆಗೆ ಸ್ವಲ್ಪ ಹೆಚ್ಚು ಕೊಟ್ಟು, ಮುಂಚಿತವಾಗಿ ಕಾಯ್ದಿರಿಸುವುದು ಲೇಸು. ಕಠ್ಮಂಡು, ಪೋಖರಾಗಳ ಕೆಲವು ಹಾಸ್ಟೆಲ್‌ಗಳಲ್ಲಿ ಮಹಿಳೆಯರಿಗೆಂದೇ ಪ್ರತ್ಯೇಕ ಕೊಠಡಿಗಳಿವೆ. ಅಪರಿಚಿತರ ಗಂಟನ್ನು ಗಡಿ ದಾಟಿಸಿಕೊಡಲು ಒಪ್ಪಬಾರದು. ಭಾರತದ ಸಿಮ್ ರೋಮಿಂಗ್ ಇಲ್ಲದೆ ಅಲ್ಲಿ ನಡೆಯದು. ಸ್ಥಳೀಯ ಸಿಮ್ ಪಡೆದು, ದಿನಕ್ಕೊಮ್ಮೆ ಗೊತ್ತುಮಾಡಿದ ಹೊತ್ತಿನಲ್ಲಿ ಮನೆಗೆ ಕರೆ ಮಾಡುವ ಕ್ರಮವಿಟ್ಟುಕೊಂಡರೆ ಇಬ್ಬದಿಗೂ ನೆಮ್ಮದಿ. ನೇಪಾಳದಲ್ಲಿ ಪೊಲೀಸರಿಗೆ 100, ಪ್ರವಾಸಿ ಪೊಲೀಸರಿಗೆ 1144, ಮಹಿಳಾ ಆಯೋಗದ ಸಹಾಯವಾಣಿಗೆ 1145 ಸಂಖ್ಯೆಗೆ ಕರೆ ಮಾಡಬಹುದು. ಭಾರತದ ರಾಯಭಾರ ಕಚೇರಿ ಕಠ್ಮಂಡುವಿನ ಲೈಂಚೌರ್‌ನಲ್ಲಿದೆ. ಬೆಟ್ಟದ ಚಾರಣಕ್ಕೆ ಮಾತ್ರ ಒಂಟಿಯಾಗಿ ಹೊರಡಬಾರದು. ವಿದೇಶೀ ಚಾರಣಿಗರು ಪರವಾನಗಿಯುಳ್ಳ ಮಾರ್ಗದರ್ಶಿಯೊಡನೆ ಹೋಗಬೇಕೆಂಬ ನಿಯಮವನ್ನು ನೇಪಾಳ 2023ರ ಏಪ್ರಿಲ್‌ನಲ್ಲಿ ತಂದಿದೆ.

ಮುಂದಿನ ಹೆಜ್ಜೆ

ನೇಪಾಳದಾಚೆಗಿನ ಹೆಚ್ಚಿನ ದೇಶಗಳಿಗೆ ಪಾಸ್‌ಪೋರ್ಟ್ ಬೇಕೇ ಬೇಕು. ವಯಸ್ಕರಿಗೆ 36 ಪುಟದ, 10 ವರ್ಷ ಅವಧಿಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. 2018ರಿಂದ ದೇಶದ ಯಾವುದೇ ಪಾಸ್‌ಪೋರ್ಟ್ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು; ಪೊಲೀಸ್ ಪರಿಶೀಲನೆ ಅರ್ಜಿಯಲ್ಲಿರುವ ವಿಳಾಸದಲ್ಲಿ ನಡೆಯುತ್ತದೆ. ಅರ್ಜಿಯಲ್ಲಿ ಇನಿಷಿಯಲ್ ಬಿಟ್ಟು ಪೂರ್ಣ ಹೆಸರನ್ನೇ ಬಿಡಿಸಿ ಬರೆಯಬೇಕು.

ಹತ್ತನೆಯ ತರಗತಿ ತೇರ್ಗಡೆಯ ಪ್ರಮಾಣಪತ್ರಕ್ಕೆ ಇಲ್ಲಿ ಇನ್ನೊಂದು ಬೆಲೆಯಿದೆ. ಅದಿಲ್ಲದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ ಗುರುತು ಬೀಳುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಮೆಗೆ ಹೋಗಲು ಸರಕಾರದ ವಲಸೆ ಅನುಮತಿ ಪಡೆಯಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಕೊಡಿಸುತ್ತೇವೆನ್ನುವವರ ಮಾತನ್ನು, ಗುರುತು ಇರಲಿ ಇಲ್ಲದಿರಲಿ, ನಂಬಬಾರದು. ಮಾನ್ಯತೆ ಪಡೆದ ಮಂಡಲಿಯ ಪ್ರಮಾಣಪತ್ರವಾದರೆ ಸಾಕು. ಓದಿದ ಮಾಧ್ಯಮ ಕನ್ನಡವೇ, ಇಂಗ್ಲಿಷೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ಶಾಲೆಯ ಆ ಒಂದು ಹಾಳೆಯಲ್ಲಿ ಮಗುವಿನ ಹೆಸರು ಸರಿಯಾಗಿ ಅಚ್ಚಾಗುವಂತೆ ನೋಡಿಕೊಳ್ಳುವುದೇ ದೂರದ ಪಯಣಕ್ಕೆ ಮನೆಯವರು ಮಾಡಬಹುದಾದ ಮೊದಲ ಸಿದ್ಧತೆ.