ಮುಂಬಯಿ–ಲಂಡನ್: ಕಾಲದಲ್ಲಿ ಅಳೆದ ದೂರ

ಊರಿನಿಂದ ಬಂದಿಳಿದವರನ್ನು "ಎಷ್ಟು ಮೈಲಿ ಬಂದಿರಿ?" ಎಂದು ನಾವು ಯಾರೂ ಕೇಳುವುದಿಲ್ಲ; "ಎಷ್ಟು ಗಂಟೆ ಆಯಿತು?" ಎಂದೇ ಕೇಳುತ್ತೇವೆ. ಮುಂಬಯಿಯಿಂದ ಲಂಡನ್ನಿಗೆ ಆಕಾಶದಲ್ಲಿ ನೇರ ದೂರ ಸುಮಾರು 7,200 ಕಿಲೋಮೀಟರ್. ಭೂಮಿ ಹಿಗ್ಗಿಲ್ಲ, ಕುಗ್ಗಿಲ್ಲ. ಆದರೆ ಇನ್ನೂರು ವರ್ಷಗಳಲ್ಲಿ ಈ ದಾರಿ ತಿಂಗಳುಗಳಿಂದ ಗಂಟೆಗಳಿಗೆ ಇಳಿದಿದೆ.

ಹಾಯಿಹಡಗಿನ ಕಾಲದಲ್ಲಿ ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕಿತ್ತು. ಸಮುದ್ರದ ದಾರಿ 19,000 ಕಿಲೋಮೀಟರಿಗೂ ಹೆಚ್ಚು. ಗಾಳಿ ಒಲಿದರೂ ತಿಂಗಳುಗಟ್ಟಲೆ ಪಯಣ. 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆದಾಗ ಆ ದಾರಿ 12,000 ಕಿಲೋಮೀಟರಿನ ಒಳಗೆ ಬಂತು. ಉಗಿಹಡಗು ಅದನ್ನು ಕೆಲವೇ ವಾರಗಳಲ್ಲಿ ದಾಟತೊಡಗಿತು.

ಮರುವರ್ಷ, 1870ರಲ್ಲಿ, ಕಡಲಡಿಯ ತಂತಿ ಮುಂಬಯಿಯನ್ನು ಇಂಗ್ಲೆಂಡಿಗೆ ಜೋಡಿಸಿತು. ನಮ್ಮಂಥ ಪರದೇಶವಾಸಿಗಳ ಮಟ್ಟಿಗೆ ಕಾಲುವೆಗಿಂತ ಇದೇ ದೊಡ್ಡ ಘಟನೆ. ತಂತಿ ಬರುವ ಮುನ್ನ ಸುದ್ದಿಯೂ ಮನುಷ್ಯನೂ ಒಂದೇ ಹಡಗಿನಲ್ಲಿ ಬರುತ್ತಿದ್ದರು. ತಂತಿ ಬಂದ ಮೇಲೆ ಸುದ್ದಿ ಮುಂದೆ ಓಡಿತು, ಮನುಷ್ಯ ಹಿಂದೆ ಉಳಿದ.

ಆ ಅಂತರವನ್ನು ತುಂಬಲು ವಿಮಾನ ಬಂತು. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಲಂಡನ್–ಕರಾಚಿ ಸೇವೆ ಆರಂಭಿಸಿತು. ನಡುವೆ ರೈಲು, ಕಡಲವಿಮಾನ ಎಲ್ಲ ಸೇರಿ ಒಂದು ವಾರದ ಪ್ರಯಾಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಂಚೆ ತಂದು ಮುಂಬಯಿಗೆ ಇಳಿಸಿದರು. ಅಲ್ಲಿಂದ ಮದರಾಸಿಗೆ ಹೊತ್ತು ಹೋದವರು ನೆವಿಲ್ ವಿನ್ಸೆಂಟ್; ಅವರ ದಾರಿ ನಮ್ಮ ಬಳ್ಳಾರಿಯ ಮೇಲೆ. ಲಂಡನ್ನಿನ ಕಾಗದ ಕನ್ನಡದ ನೆಲವನ್ನು ಮುಟ್ಟಿ ಮುಂದೆ ಹೋಗುತ್ತಿದ್ದ ಕಾಲವೂ ಇತ್ತು!

ಆದರೂ ಜನಸಾಮಾನ್ಯರಿಗೆ ಹಡಗೇ ಗತಿ. 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟ ವಿನಾಯಕ ಕೃಷ್ಣ ಗೋಕಾಕರೂ ಕಡಲ ಮೇಲೆಯೇ ಹೋದರು. ಆ ನಿಧಾನದ ಪಯಣದ ಫಲವಾಗಿ ಕನ್ನಡಕ್ಕೆ 'ಸಮುದ್ರಗೀತೆಗಳು' ಸಿಕ್ಕವು. ಹತ್ತು ಗಂಟೆ ಕಣ್ಣುಮುಚ್ಚಿ ಕುಳಿತೆದ್ದು ಬರುವ ನಮಗೆ ಆ ಭಾಗ್ಯವಿಲ್ಲ.

1948ರ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಹೊರಟು, ಕೈರೋ, ಜಿನೀವಾಗಳಲ್ಲಿ ಇಳಿದು, ಎರಡು ದಿನದೊಳಗೆ ಲಂಡನ್ ಸೇರಿತು. 1960ರಲ್ಲಿ ಏರ್ ಇಂಡಿಯಾಗೆ ಜೆಟ್ ಬಂದು ಗಂಟೆಗಳ ಲೆಕ್ಕ ಶುರುವಾಯಿತು. 2005ರಲ್ಲಿ ಬ್ರಿಟಿಷ್ ಏರ್‌ವೇಸ್ ಲಂಡನ್ನಿನಿಂದ ನೇರ ಬೆಂಗಳೂರಿಗೇ ಹಾರಿತು. ನಮಗೆ ಮುಂಬಯಿಯಲ್ಲಿ ವಿಮಾನ ಬದಲಿಸುವ ತಾಪತ್ರಯ ತಪ್ಪಿತು.

ಇನ್ನು ದೂರವೇ ಇಲ್ಲ ಎಂದುಕೊಂಡಿದ್ದೆವು. 2020ರ ಮಾರ್ಚ್ 23ರಿಂದ ಕೊರೋನಾ ಕಾರಣಕ್ಕೆ ಭಾರತ ನಿಯತ ಅಂತರರಾಷ್ಟ್ರೀಯ ಹಾರಾಟಗಳನ್ನು ನಿಲ್ಲಿಸಿತು. ವಿಶೇಷ ವಿಮಾನಗಳು ಮೇ ತಿಂಗಳಲ್ಲಿ ಆರಂಭವಾದವು. ನಿಯತ ಸಂಚಾರ ಮರಳಿದ್ದು 2022ರ ಮಾರ್ಚ್ 27ಕ್ಕೆ. ಆ ದಿನಗಳಲ್ಲಿ ನಮ್ಮಲ್ಲಿ ಕೆಲವರು ಹೆತ್ತವರ ಅಂತ್ಯಕ್ರಿಯೆಯನ್ನು ಫೋನಿನ ಪರದೆಯಲ್ಲಿ ನೋಡಬೇಕಾಯಿತು. ಸುದ್ದಿ ಮಾತ್ರವಲ್ಲ, ಚಿತೆಯ ಹೊಗೆಯೂ ಕ್ಷಣದಲ್ಲಿ ಕಣ್ಣೆದುರು ಬಂತು. ಹೋಗಿ ಹೆಗಲು ಕೊಡಲು ಮಾತ್ರ ದಾರಿಯಿರಲಿಲ್ಲ.

ನಾವು ಪರದೇಶದಲ್ಲಿದ್ದೇವೆ ಎಂಬುದನ್ನು ನಿಜವಾಗಿ ಅಳೆಯುವುದು ಕಿಲೋಮೀಟರ್ ಅಲ್ಲ. ಸುದ್ದಿ ತಲುಪುವ ಹೊತ್ತಿಗೂ ನಾವು ತಲುಪುವ ಹೊತ್ತಿಗೂ ಇರುವ ಅಂತರ. ಒಂದೂವರೆ ಶತಮಾನದಲ್ಲಿ ಅದು ವಾರಗಳಿಂದ ಒಂದು ದಿನಕ್ಕೆ ಇಳಿದಿದೆ. ಆ ಒಂದು ದಿನವನ್ನು ದಾಟುವ ವಿಮಾನ ಇನ್ನೂ ಹುಟ್ಟಿಲ್ಲ.