ಬಳ್ಳಾರಿಗೆ ಬಂದ ಷಲ್ಲು, ವಿಲ್ಲು

ಬಳ್ಳಾರಿಯ ಕೋಟೆಗುಡ್ಡವನ್ನು ಕುರಿತು ಬರೆದವರು ಹಲವರಿದ್ದಾರೆ. ಆ ಗುಡ್ಡದ ಕೆಳಗಿನ ಶಾಲೆಗಳಲ್ಲಿ ತಲೆಮಾರುಗಳ ಹುಡುಗರನ್ನು ಕಾಡಿದ ಇಂಗ್ಲೀಷು ವ್ಯಾಕರಣಕ್ಕೆ ಮಾತ್ರ ಆ ಭಾಗ್ಯ ದೊರೆತಂತಿಲ್ಲ. ಗುಡ್ಡ ಹತ್ತಲಾರದವನು ಮನೆಗೆ ಮರಳಿ ಸುಖವಾಗಿರಬಹುದಾಗಿತ್ತು. ವ್ಯಾಕರಣದಲ್ಲಿ ಎಡವಿದವನಿಗೆ ಗುಮಾಸ್ತೆಯ ಕುರ್ಚಿಯೂ ದೂರವಾಗುತ್ತಿತ್ತು.

1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಹತ್ತು ವರ್ಷಗಳ ಮೇಲೆ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ವಿನೋದವೆಂದರೆ, ಇಲ್ಲಿ ಮೊದಲು ವ್ಯಾಕರಣದ ಪಾಡು ಪಟ್ಟವರು ನಮ್ಮ ಹುಡುಗರಲ್ಲ, ಈ ಪಾದ್ರಿಗಳು. ಬೈಬಲ್ಲನ್ನು ಕನ್ನಡಿಸ ಹೊರಟ ಹ್ಯಾಂಡ್ಸರ ಕೈಗೆ ಅಚ್ಚಾದ ಕನ್ನಡ ವ್ಯಾಕರಣವೊಂದು ಸಿಗುವ ಕಾಲ ಅದಲ್ಲ. ವಿಲಿಯಂ ಕೇರಿಯ ಪುಸ್ತಕ ಸೀರಾಂಪುರದಿಂದ ಹೊರಬಂದದ್ದು 1817ರಲ್ಲಿ. ಇಲ್ಲಿ ದುಡಿದ ಇನ್ನೊಬ್ಬ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲೀಷು-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲೀಷು ನಿಘಂಟನ್ನೂ ಪ್ರಕಟಿಸಿದರು. ನಮ್ಮ ವಿಭಕ್ತಿಗಳೊಡನೆ ಅವರು ಎಷ್ಟು ಹೆಣಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಕಾಲಚಕ್ರ ತಿರುಗಿತು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿತು. ಅದರ ಮೆಟ್ರಿಕ್ಯುಲೇಷನ್ ಪರೀಕ್ಷೆ ಸರ್ಕಾರಿ ನೌಕರಿಯ ಹೆಬ್ಬಾಗಿಲಾಯಿತು. ಬಳ್ಳಾರಿಯಲ್ಲಿ ಮಿಷನ್ನಿನ ವಾರ್ಡ್ಲಾ ಶಾಲೆ ಬೆಳೆದು ಎರಡನೆಯ ದರ್ಜೆಯ ಕಾಲೇಜೂ ಆಯಿತು. ಸಿರುಗುಪ್ಪದ ಭತ್ತದ ಗದ್ದೆಗಳ ಕಡೆಯಿಂದಲೂ, ದೊಡ್ಡಬಸವೇಶ್ವರನ ಕುರುಗೋಡಿನಿಂದಲೂ ಹೆಚ್ಚಿನ ಓದನ್ನು ಬಯಸಿದ ಹುಡುಗನಿಗೆ ಬಳ್ಳಾರಿಯೇ ದಾರಿ. ಗಣಿತದಲ್ಲಿ ಎಷ್ಟೇ ಜಾಣನಾಗಿರಲಿ, ಇಂಗ್ಲೀಷಿನಲ್ಲಿ ನಪಾಸಾದರೆ ಇಡೀ ಪರೀಕ್ಷೆಯೇ ನಪಾಸು. ಹೊಲ ಅಡವಿಟ್ಟು ಓದಿಸುವ ತಂದೆಗೆ ಇದು ಸಾಮಾನ್ಯ ಸಂಗತಿಯೆ?

ಆ ಹುಡುಗನು ಎಡವುತ್ತಿದ್ದುದಾದರೂ ಎಲ್ಲಿ? ನಮ್ಮಲ್ಲಿ ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಪಕ್ಕದಲ್ಲಿ ಕುಳಿತ ತೆಲುಗು ಹುಡುಗನಿಗೆ ಎರಡಕ್ಕೂ ‘ನುಂಚಿ’, ಅವನಾಚೆಯ ಉರ್ದು ಹುಡುಗನಿಗೆ ಎರಡಕ್ಕೂ ‘ಸೇ’. ಬಳ್ಳಾರಿಯ ಮೂರು ಮನೆಮಾತುಗಳೂ ಇಲ್ಲಿ ಒಂದಾಗಿರುವಾಗ ಇಂಗ್ಲೀಷು ಮಾತ್ರ, ಕಾಲ ಆರಂಭವಾದ ಬಿಂದುವಿಗೆ ‘ಸಿನ್ಸ್’, ಕಾಲದ ಉದ್ದಕ್ಕೆ ‘ಫಾರ್’ ಎಂದು ಭೇದ ಮಾಡುತ್ತದೆ. ಸಾಲದೆಂಬಂತೆ, ನಾವು ‘ಇದ್ದೇನೆ’ ಎಂದು ವರ್ತಮಾನದಲ್ಲಿ ಹೇಳುವುದನ್ನು ಅಲ್ಲಿ ‘ಹ್ಯಾವ್ ಬೀನ್’ ಎನ್ನಬೇಕು. ಒಂದೇ ಬೆಂಚಿನ ಮೂವರೂ ಒಂದೇ ಕಡೆ ಬೀಳುತ್ತಿದ್ದರೆ ಅದು ದಡ್ಡತನವಲ್ಲ, ಮಾತೃಭಾಷೆಯ ಕಟ್ಟು.

ಇದಕ್ಕೆ ವಿರುದ್ಧವಾಗಿ, ಕಠಿನವೆನಿಸಿಕೊಂಡ ಇನ್ನೊಂದು ಸೂತ್ರಕ್ಕೆ ಕನ್ನಡವೇ ಬೀಗದ ಕೈ. ‘ರಾಮನೂ ಕೃಷ್ಣನೂ ಬಂದರು’ ಎಂದರೆ ಬಹುವಚನ. ‘ಗೆಳೆಯರೊಂದಿಗೆ ರಾಮನು ಬಂದನು’ ಎಂದರೆ ಏಕವಚನ. ‘ಟುಗೆದರ್ ವಿತ್’, ‘ಆಸ್ ವೆಲ್ ಆಸ್’ಗಳ ಮುಂದೆ ಎಷ್ಟು ಜನ ನಿಂತರೂ ಕ್ರಿಯಾಪದ ಮೊದಲನೆಯ ಕರ್ತೃವಿಗೇ ವಿಧೇಯ. ‘ಒಂದಿಗೆ’ಯನ್ನು ನೆನೆದರೆ ಗೊಂದಲವಿಲ್ಲ. ಉಪಾಧ್ಯಾಯರು ಇದನ್ನು ಹೀಗೆ ಹೇಳಿಕೊಟ್ಟಿದ್ದರೆ ಎಷ್ಟು ಬೆತ್ತಗಳು ಉಳಿಯುತ್ತಿದ್ದವೋ!

ಇನ್ನು ಕೆಲವು ಸೂತ್ರಗಳು ಭಾಷೆಯ ಮೂಳೆಗಳೇ ಅಲ್ಲ, ಯಾರೋ ತೊಡಿಸಿದ ಆಭರಣ. 1653ರಲ್ಲಿ ಜಾನ್ ವಾಲಿಸನೆಂಬ ಗಣಿತಜ್ಞನು ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲೀಷು ವ್ಯಾಕರಣದಲ್ಲಿ, ಉತ್ತಮಪುರುಷದಲ್ಲಿ ‘ಷಲ್’ ಭವಿಷ್ಯವನ್ನೂ ‘ವಿಲ್’ ಸಂಕಲ್ಪವನ್ನೂ ಸೂಚಿಸುತ್ತದೆ, ಉಳಿದೆರಡು ಪುರುಷಗಳಲ್ಲಿ ಇದು ತಿರುಗುಮುರುಗು ಎಂದು ವಿಧಿಸಿದನು. ಸ್ಕಾಟ್‌ಲೆಂಡಿನವರೂ ಐರ್ಲೆಂಡಿನವರೂ ಈ ವಿಧಿಗೆ ಸೊಪ್ಪುಹಾಕಲಿಲ್ಲ. ನೀರಿಗೆ ಬಿದ್ದ ಐರಿಷನೊಬ್ಬನು ‘ಷಲ್’ ಎನ್ನಬೇಕಾದಲ್ಲಿ ‘ವಿಲ್’ ಎಂದು ಕೂಗಿದ್ದರಿಂದ, ಮುಳುಗುವುದೇ ಅವನ ಸಂಕಲ್ಪವೆಂದು ತಿಳಿದ ಇಂಗ್ಲೀಷರು ದಡದಲ್ಲಿಯೇ ನಿಂತರೆಂಬ ಹಳೆಯ ಹಾಸ್ಯವೊಂದುಂಟು. ಬೆಲ್‌ಫಾಸ್ಟಿನವನಿಗೇ ಹಿಡಿಸದ ಭೇದ ಸಿರುಗುಪ್ಪದವನಿಗೆ ಹಿಡಿಸಲಿಲ್ಲವೆಂದರೆ ಆಶ್ಚರ್ಯವೇನು?

1762ರಲ್ಲಿ ವ್ಯಾಕರಣವೊಂದನ್ನು ಬರೆದು, ಮುಂದೆ ಬಿಷಪ್ಪನಾದ ರಾಬರ್ಟ್ ಲೌತನು ಎರಡು ನಿಷೇಧಗಳು ಒಂದನ್ನೊಂದು ಅಳಿಸುತ್ತವೆ ಎಂದು ಸಾರಿದವರಲ್ಲಿ ಪ್ರಸಿದ್ಧನು. ಇಂಗ್ಲೆಂಡಿನ ಜನಸಾಮಾನ್ಯರು ಅದನ್ನು ಇಂದಿಗೂ ಲೆಕ್ಕಿಸಿಲ್ಲ. ಆದರೆ ‘ಹೇಳದೆ ಇರಲಾರೆ’ ಎಂದರೆ ‘ಹೇಳಿಯೇ ತೀರುವೆ’ ಎಂದು ಬಲ್ಲ ನಮ್ಮ ಹುಡುಗನಿಗೆ ಇದು ನೀರು ಕುಡಿದಷ್ಟು ಸುಲಭ. ಒಮ್ಮೆಯಾದರೂ ಬಿಷಪ್ಪನು ನಮ್ಮ ಪಕ್ಷದವನಾದನು!

ಈ ಮೂಳೆಗಳೂ ಆಭರಣಗಳೂ ಬೆರಕೆಯಾಗಿಯೇ ನೆಸ್‌ಫೀಲ್ಡನ ಪುಸ್ತಕದಲ್ಲಿ ಬಂದವು. ಆತ ಉತ್ತರ ಹಿಂದೂಸ್ಥಾನದಲ್ಲಿ ವಿದ್ಯಾಇಲಾಖೆಯ ಮುಖ್ಯಾಧಿಕಾರಿಯಾಗಿದ್ದವನು. 1930ರ ದಶಕದಿಂದ ಈಚೆಗೆ ಆ ಸ್ಥಾನ ರೆನ್ ಮತ್ತು ಮಾರ್ಟಿನರದಾಯಿತು; ಈ ರೆನ್ 1924ರ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯ ಕರ್ತೃವೇ ಎಂಬುದನ್ನು ಅವನ ಅಭ್ಯಾಸಗಳನ್ನು ಬರೆದು ಬೇಸತ್ತವರು ನಂಬಲಾರರು. ಯಾವ ಸೂತ್ರ ಭಾಷೆಯ ಸ್ವಭಾವ, ಯಾವುದು ಪಂಡಿತರ ಅಭಿರುಚಿ ಎಂಬ ವಿವೇಚನೆ ಪರೀಕ್ಷೆಗೆ ಬೇಕಾಗಿರಲಿಲ್ಲ. ಎಲ್ಲವೂ ಒಂದೇ ಅಂಕದ ತಪ್ಪು.

1953ರ ಅಕ್ಟೋಬರ್ 1ರಂದು ಬಳ್ಳಾರಿಯೂ ಸಿರುಗುಪ್ಪವೂ ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗಡಿ ಬೇರೆಯಾಯಿತು, ರೆನ್ ಮಾರ್ಟಿನರು ಎರಡೂ ಕಡೆ ಉಳಿದರು. ಷಲ್-ವಿಲ್ಲುಗಳ ಕಟ್ಟು ಇಂದು ಇಂಗ್ಲೆಂಡಿನಲ್ಲಿಯೇ ಸಡಿಲಿದೆ. ಈಗ ತಾಲ್ಲೂಕಿನ ಕೇಂದ್ರವಾಗಿರುವ ಕುರುಗೋಡಿನ ಹುಡುಗಿ ಬ್ಯಾಂಕಿನ ಪರೀಕ್ಷೆಗೆ ಕುಳಿತು, ತಪ್ಪನ್ನು ಗುರುತಿಸಬೇಕಾದ ವಾಕ್ಯವನ್ನು ಓದುವಾಗ ಅವಳೆದುರು ನಿಲ್ಲುವುದು ಬಿಷಪ್ಪನೂ ಅಲ್ಲ, ವಾಲಿಸನೂ ಅಲ್ಲ. ಅದೇ ಹಳೆಯ ‘ಸಿನ್ಸ್’, ಅದೇ ಹಳೆಯ ‘ಫಾರ್’.