ಸ್ಥಾನಬಲವೂ ಸೊನ್ನೆಯೂ

ಅಂಕಗಳನ್ನು ಲೋಕಕ್ಕೆ ಕೊಟ್ಟವರು ಭಾರತೀಯರೆಂದು ಹೆಮ್ಮೆಯಿಂದ ಹೇಳುವುದುಂಟು. ಮಾತು ನಿಜವೇ. ಆದರೆ ಕೊಟ್ಟದ್ದು ಏನೆಂದು ವಿವೇಚಿಸುವವರು ವಿರಳ. ಅಂಕಗಳ ಆಕಾರವೇ ಆ ಕೊಡುಗೆಯೆಂದು ಬಗೆದರೆ ವಿಷಯದ ತಿರುಳೇ ಕೈತಪ್ಪುವುದು.

ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದಲ್ಲಿ 256 ಎಂಬ ಸಂಖ್ಯೆಯು ಕೆತ್ತಲ್ಪಟ್ಟಿದೆ. ಅಲ್ಲಿರುವುದು ಎರಡು, ಐದು, ಆರು ಎಂಬ ಅಂಕಗಳಲ್ಲ. ಇನ್ನೂರಕ್ಕೆ ಒಂದು ಚಿಹ್ನೆ, ಐವತ್ತಕ್ಕೆ ಬೇರೊಂದು, ಆರಕ್ಕೆ ಮತ್ತೊಂದು. ಈ ರೀತಿಯಲ್ಲಿ 206 ಎಂದು ಬರೆಯಲು ಐವತ್ತರ ಚಿಹ್ನೆಯನ್ನು ಬಿಟ್ಟರೆ ಸಾಕು. ಸೊನ್ನೆಯ ಗೊಡವೆಯೇ ಇಲ್ಲ. ಆದರೆ ಸಂಖ್ಯೆಯು ಬೆಳೆದಂತೆಲ್ಲ ಹೊಸ ಚಿಹ್ನೆಗಳು ಬೇಕಾಗುವುವು. ಬರೆದ ಚಿಹ್ನೆಗಳಿಂದಲೇ ಗುಣಿಸುವುದು, ಭಾಗಿಸುವುದು ಬಹು ಕಷ್ಟ.

ಹತ್ತರ ಒಂದೊಂದು ಸ್ಥಾನವೂ ಹಿಂದಿನದಕ್ಕಿಂತ ಹತ್ತು ಮಡಿಯೆಂದು ಆರ್ಯಭಟನು ತನ್ನ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಅದರ ಕಾಲವು ಕ್ರಿ. ಶ. 499. ಅಂಕವು ತಾನು ನಿಂತ ಮನೆಯಿಂದಲೇ ಬೆಲೆಯನ್ನು ಪಡೆಯುವುದಾದರೆ, ಬರಿದಾದ ಮನೆಗೂ ಒಂದು ಗುರುತು ಬೇಕಷ್ಟೆ. ಇಲ್ಲವಾದರೆ 206ಕ್ಕೂ 26ಕ್ಕೂ ಭೇದವೇನು? ಸೊನ್ನೆಯು ಹುಟ್ಟಿದ್ದು ಈ ಅಗತ್ಯದಿಂದ. ಆದರೂ ಶಾಸನಕವಿಗಳು ಹಳೆಯ ಜಾಡನ್ನು ಬೇಗ ಬಿಡಲಿಲ್ಲ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು 3735 ಎಂಬ ವರ್ಷವನ್ನು ಮೂವತ್ತು, ಮೂರು ಸಾವಿರ, ಏಳು ನೂರು, ಐದು ಎಂದು ಛಂದಸ್ಸಿಗೆ ಒಗ್ಗಿದಂತೆ ಹಿಂದುಮುಂದಾಗಿ ಹೇಳಿದ್ದಾನೆ. ಮಾತಿನಲ್ಲಿ ಇದು ಸಲ್ಲುವುದು; ಸ್ಥಾನಪದ್ಧತಿಯಲ್ಲಿ ಸಲ್ಲದು. ಗ್ವಾಲಿಯರಿನ ಚತುರ್ಭುಜ ದೇವಾಲಯದ 876ರ ಶಾಸನಕ್ಕೆ ಬಂದರೆ, ದೇವರ ಹೂದೋಟದ ಉದ್ದವು 270 ಹಸ್ತವೆಂದು ಸೊನ್ನೆಯೊಡನೆಯೇ ಬರೆಯಲ್ಪಟ್ಟಿದೆ.

ಬರಿಯ ಗುರುತಾಗಿದ್ದ ಸೊನ್ನೆಯನ್ನು ಸಂಖ್ಯೆಯೆಂದೇ ಗಣಿಸಿ, ಕೂಡುವ ಕಳೆಯುವ ನಿಯಮಗಳನ್ನು ಬ್ರಹ್ಮಗುಪ್ತನು 628ರಲ್ಲಿ ವಿಧಿಸಿದನು. ಕನ್ನಡ ನಾಡಿನಲ್ಲಿ ನೃಪತುಂಗನ ಕಾಲದವನಾದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಮಾರ್ಪಡದೆ ಉಳಿಯುವುದೆಂದನು. ಪಾಲುಗಾರರೇ ಇಲ್ಲದಿರುವಾಗ ಗಂಟು ಹಾಗೆಯೇ ಉಳಿಯಿತೆಂದು ಆತನು ಭಾವಿಸಿರಬಹುದು. ನಮ್ಮವನೆಂಬ ಅಭಿಮಾನದಿಂದ ಇದನ್ನು ಸರಿಯೆನ್ನಲಾಗದು. ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂಬುದು ಇಂದಿನ ಗಣಿತಜ್ಞರ ನಿರ್ಣಯ.

ಬಾಗ್ದಾದಿನ ಅಲ್ ಖ್ವಾರಿಜ್ಮಿಯು ಒಂಬತ್ತನೆಯ ಶತಮಾನದಲ್ಲಿ ಈ ಲೆಕ್ಕವನ್ನು ಹಿಂದೂಗಳದೆಂದೇ ಹೆಸರಿಸಿ ವಿವರಿಸಿದನು. ಶೂನ್ಯವು ಅರಬ್ಬೀ ಭಾಷೆಯಲ್ಲಿ 'ಸಿಫ್ರ್' ಆಯಿತು. ಇಂಗ್ಲಿಷಿನ ಸೈಫರ್, ಝೀರೋ ಎರಡೂ ಅದರ ಸಂತತಿಯೇ. ಪೀಸಾ ನಗರದ ಲಿಯೊನಾರ್ಡೊ 1202ರಲ್ಲಿ ಇಟಲಿಯ ವರ್ತಕರಿಗೆ ಇದನ್ನು ಬೋಧಿಸಿದನು. ಆದರೆ 1299ರಲ್ಲಿ ಫ್ಲಾರೆನ್ಸಿನ ನಾಣ್ಯವಿನಿಮಯಗಾರರ ಸಂಘವು ಲೆಕ್ಕದ ಪುಸ್ತಕಗಳಲ್ಲಿ ಈ ಅಂಕಗಳನ್ನು ನಿಷೇಧಿಸಿತು. ಅಂಕದ ಕಡೆಗೆ ಒಂದು ಸೊನ್ನೆಯನ್ನು ಸೇರಿಸಿದರೆ ಮೊತ್ತವು ಹತ್ತು ಮಡಿಯಾಗುವುದಷ್ಟೆ. ಬ್ಯಾಂಕಿನ ಚೆಕ್ಕಿನಲ್ಲಿ ಹಣವನ್ನು ಅಂಕಗಳಲ್ಲಿ ಬರೆದ ಮೇಲೂ ಅಕ್ಷರಗಳಲ್ಲಿ ಇನ್ನೊಮ್ಮೆ ಬರೆಯಿಸಿಕೊಳ್ಳುವ ವಾಡಿಕೆಯು ಇಂದಿಗೂ ನಡೆದುಬಂದಿದೆ.